ರೋಮಾಪುರಿಯ ವಿಜಯಪಥ

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ನೆಲದಲ್ಲಿ ದೊರೆತ ಪ್ರಾಚೀನ ವಸ್ತುಗಳೊಳಗೆ ರೋಮ್ ಸಾಮ್ರಾಜ್ಯದ ಬೆಳ್ಳಿಯ ನಾಣ್ಯಗಳೂ ಸೇರಿವೆಯೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅವು ಆಗಸ್ಟಸ್ ಮತ್ತು ಟೈಬೀರಿಯಸ್ ಎಂಬ ಮೊದಲ ಇಬ್ಬರು ಚಕ್ರವರ್ತಿಗಳವು. ಎಂದರೆ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವು. ದಕ್ಷಿಣ ದೇಶದ ಮೆಣಸು, ಮುತ್ತು, ನವುರಾದ ಬಟ್ಟೆ ಮುಂತಾದ ಸರಕುಗಳನ್ನು ಕೊಳ್ಳುವುದಕ್ಕಾಗಿ ಕಡಲನ್ನು ದಾಟಿ ಬಂದ ಹಣವದು. ಟೈಬೀರಿಯಸನ ನಾಣ್ಯದ ಮೇಲೆ ಎಲೆಮಾಲೆಯನ್ನು ಮುಡಿದ ಒಂದು ಮುಖ. ಅದರ ಸುತ್ತ, ದೇವನಾದ ಆಗಸ್ಟಸನ ಮಗನೆಂಬ ಬಿರುದಾವಳಿ. ಅಂಗುಲದಗಲವೂ ಇಲ್ಲದ ಆ ಬೆಳ್ಳಿಯ ಬಿಲ್ಲೆಯ ಈ ಮಗ್ಗುಲಲ್ಲಿ ಆತನೊಬ್ಬನೇ ಇರುವನು, ಮತ್ತಾರಿಗೂ ಎಡೆಯಿಲ್ಲ.

ಇದೇ ಟೈಬೀರಿಯಸನ ಮತ್ತೊಂದು ಚಿತ್ರವುಂಟು. ವೆಸೂವಿಯಸ್ ಪರ್ವತದ ತಪ್ಪಲಿನಲ್ಲಿ 1895ರಲ್ಲಿ ದೊರೆತು, ಈಗ ಪ್ಯಾರಿಸ್ ನಗರದ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಬೆಳ್ಳಿಯ ಬಟ್ಟಲೊಂದರ ಮೇಲೆ ಅವನು ವಿಜಯರಥದಲ್ಲಿ ನಿಂತಿರುವಂತೆ ಕೆತ್ತಿದ್ದಾರೆ. ಅಲ್ಲಿ ಅವನು ಒಬ್ಬಂಟಿಗನಲ್ಲ. ಅವನ ಬೆನ್ನ ಹಿಂದೆ ಅದೇ ರಥದಲ್ಲಿ ಒಬ್ಬ ಗುಲಾಮನು ನಿಂತು, ಅವನ ತಲೆಯ ಮೇಲೆ ಕಿರೀಟವನ್ನು ಹಿಡಿದಿದ್ದಾನೆ. ಲೋಕವನ್ನೇ ಗೆದ್ದವನ ರಥದಲ್ಲಿ ಗುಲಾಮನಿಗೇನು ಕೆಲಸವೆಂದು ಯಾರಿಗಾದರೂ ತೋರಬಹುದು. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೋಮ್ ನಗರದ ಪುರಾತನ ವಿಜಯಪಥದ ಕೊನೆಯ ಭಾಗವನ್ನು ನಡೆದು ನೋಡುವವನಿಗೆ, ಆ ಜನಾಂಗವು ಅಧಿಕಾರವನ್ನೂ ಮನುಷ್ಯಸ್ವಭಾವವನ್ನೂ ಕುರಿತು ಕಲಿತ ಪಾಠವೆಲ್ಲವೂ ಅರ್ಧ ಮೈಲಿಗಿಂತ ಕಡಿಮೆ ದೂರದಲ್ಲಿ ಕಲ್ಲಿನಲ್ಲಿ ಬರೆದಂತೆ ಕಾಣಬರುವುದು.

ನಗರದ ನಡುವೆ ಪ್ಯಾಲಟೈನ್ ಮತ್ತು ಕ್ಯಾಪಿಟೊಲೈನ್ ಎಂಬ ಎರಡು ಗುಡ್ಡಗಳಿವೆ. ಅವುಗಳ ನಡುವಣ ತಗ್ಗೇ ಪ್ರಸಿದ್ಧವಾದ ಫೋರಂ. ಪೇಟೆ, ನ್ಯಾಯಸ್ಥಾನ, ದೇವಾಲಯ, ರಾಜ್ಯಸಭೆ ಎಲ್ಲವೂ ಅಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದುವು. ಸಾಮ್ರಾಜ್ಯವು ಅಳಿದ ಮೇಲೆ ಶತಮಾನಗಳ ಕಾಲ ಅದು ಮಣ್ಣಿನಲ್ಲಿ ಹೂತುಹೋಗಿ ದನಗಳು ಮೇಯುವ ಬಯಲಾಯಿತು. ಜನರೂ ಅದನ್ನು ದನದ ಬಯಲೆಂದೇ ಕರೆಯುತ್ತಿದ್ದರು. ಮಣ್ಣನ್ನು ತೆಗೆದ ಮೇಲೆ ಈಗ ಮುರಿದ ಕಂಬಗಳೂ, ಇಟ್ಟಿಗೆಯ ಗೋಡೆಗಳೂ, ಅವುಗಳ ನಡುವೆ ಹಾಸುಗಲ್ಲುಗಳಿಂದ ಕೂಡಿದ ಒಂದು ದಾರಿಯೂ ಕಣ್ಣಿಗೆ ಬೀಳುತ್ತವೆ. ಅದೇ 'ಪವಿತ್ರ ಪಥ'. ಯುದ್ಧದಲ್ಲಿ ದೊಡ್ಡ ಗೆಲುವನ್ನು ಪಡೆದ ಸೇನಾಪತಿಯು ರಾಜ್ಯಸಭೆಯ ಅನುಮತಿಯಿಂದ ಮೆರವಣಿಗೆಯಾಗಿ ಈ ದಾರಿಯಲ್ಲಿ ಬಂದು, ಕ್ಯಾಪಿಟೊಲೈನ್ ಗುಡ್ಡವನ್ನೇರಿ, ಜೂಪಿಟರ್ ದೇವನ ಮಡಿಲಲ್ಲಿ ತನ್ನ ಎಲೆಮಾಲೆಯನ್ನು ಇಡುವುದು ಪದ್ಧತಿಯಾಗಿದ್ದಿತು.

ಕಲೋಸಿಯಂ ಎಂಬ ಮಹಾರಂಗಮಂದಿರದ ಕಡೆಯಿಂದ ಬರುವವನಿಗೆ ದಾರಿಯ ಎತ್ತರದಲ್ಲಿ ಮೊದಲು ಎದುರಾಗುವುದು ಟೈಟಸ್ ಚಕ್ರವರ್ತಿಯ ಕಮಾನು. ಟೈಟಸನು ಕ್ರಿ. ಶ. 70ರಲ್ಲಿ ಜೆರೂಸಲೇಮನ್ನು ಹಿಡಿದು, ಮರುವರ್ಷ ತಂದೆಯಾದ ವೆಸ್ಪೇಶಿಯನ್ನನೊಡನೆ ವಿಜಯೋತ್ಸವವನ್ನು ಆಚರಿಸಿದನು. ಅವನು 81ರಲ್ಲಿ ಸತ್ತ ಮೇಲೆ ತಮ್ಮನಾದ ಡೊಮಿಷಿಯನ್ನನು ಈ ಕಮಾನನ್ನು ಕಟ್ಟಿಸಿದನು. ಒಳಗೋಡೆಯ ಒಂದು ಪಕ್ಕದಲ್ಲಿ, ಜೆರೂಸಲೇಮಿನ ದೇವಾಲಯದಿಂದ ಕೊಳ್ಳೆಹೊಡೆದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೆಗಲ ಮೇಲೆ ಹೊತ್ತು ನಡೆಯುತ್ತಿರುವರು. ಎದುರು ಪಕ್ಕದಲ್ಲಿ ನಾಲ್ಕು ಕುದುರೆಗಳ ರಥದಲ್ಲಿ ಟೈಟಸನು ನಿಂತಿರುವನು.

ವಿಜಯೋತ್ಸವದ ದಿನ ಸೇನಾಪತಿಯು ಮನುಷ್ಯಮಾತ್ರನಾಗಿ ಉಳಿಯುತ್ತಿರಲಿಲ್ಲ. ಕೆನ್ನೀಲಿಯ ಮೇಲೆ ಚಿನ್ನದ ಕಸೂತಿಯ ನಿಲುವಂಗಿ, ಜೂಪಿಟರನ ವಿಗ್ರಹಕ್ಕೆ ಬಳಿಯುವಂತೆ ಮುಖಕ್ಕೆ ಕೆಂಪು ಬಣ್ಣ. ಒಂದು ದಿನದ ಮಟ್ಟಿಗೆ ಅವನು ದೇವರ ವೇಷವನ್ನು ತೊಟ್ಟಂತೆಯೇ. ಇದರ ಅಪಾಯವನ್ನು ರೋಮನರು ಅರಿತಿದ್ದರು. ಆದುದರಿಂದಲೇ ಅವನ ಹಿಂದೆ ಒಬ್ಬ ಗುಲಾಮನನ್ನು ನಿಲ್ಲಿಸಿ, ಒಂದು ಕೈಯಲ್ಲಿ ಚಿನ್ನದ ಕಿರೀಟವನ್ನು ಹಿಡಿಸಿ, ಕಿವಿಯಲ್ಲಿ ಮೇಲಿಂದ ಮೇಲೆ, ಹಿಂದೆ ತಿರುಗಿ ನೋಡು, ನೀನೂ ಮನುಷ್ಯನೇ ಎಂಬ ಅರ್ಥದ ಮಾತನ್ನು ಹೇಳಿಸುತ್ತಿದ್ದರೆಂದು ಹಳೆಯ ಗ್ರಂಥಕರ್ತರು ತಿಳಿಸುತ್ತಾರೆ. ರಥದ ಹಿಂದೆ ನಡೆಯುವ ಸೈನಿಕರಿಗೆ ತಮ್ಮ ನಾಯಕನನ್ನು ಹಾಸ್ಯಮಾಡಿ ಹಾಡುವ ಸ್ವಾತಂತ್ರ್ಯವೂ ಇದ್ದಿತು. ಜೂಲಿಯಸ್ ಸೀಸರನ ಸೈನಿಕರು ಅವನ ಬೋಳುತಲೆಯನ್ನೂ ಸ್ತ್ರೀಲೋಲುಪತೆಯನ್ನೂ ಹಾಡಿ ಊರಿಗೆಲ್ಲ ಕೇಳಿಸಿದರು. ಬಲ್ಲವರು ಮದ್ದನ್ನೂ ವಿಷದ ಜತೆಯಲ್ಲಿಯೇ ಇಟ್ಟಿದ್ದರು.

ಆದರೆ ಕಮಾನಿನ ಶಿಲ್ಪವನ್ನು ಚೆನ್ನಾಗಿ ನೋಡಿದರೆ ಒಂದು ವಿಷಯವು ಮನಸ್ಸನ್ನು ನಾಟುವುದು. ಟೈಟಸನ ಬೆನ್ನ ಹಿಂದೆ ಆ ಗುಲಾಮನು ಇಲ್ಲ. ಅವನು ನಿಲ್ಲಬೇಕಾಗಿದ್ದ ಜಾಗದಲ್ಲಿ ರೆಕ್ಕೆಗಳುಳ್ಳ ವಿಜಯದೇವತೆಯು ನಿಂತು ಕಿರೀಟವನ್ನು ಎತ್ತಿ ಹಿಡಿದಿದ್ದಾಳೆ. ದೇವತೆಯು ಮನುಷ್ಯನ ಕಿವಿಯಲ್ಲಿ ಎಚ್ಚರಿಕೆಯ ಮಾತನ್ನು ಹೇಳುವುದಿಲ್ಲ. ಹೊಗಳುವುದಕ್ಕಾಗಿಯೇ ಬಂದವಳು ಅವಳು. ಕಮಾನಿನ ಒಳಮೇಲ್ಭಾಗವನ್ನು ತಲೆಯೆತ್ತಿ ನೋಡಿದರೆ, ಹದ್ದಿನ ಬೆನ್ನೇರಿ ಟೈಟಸನು ಸ್ವರ್ಗಕ್ಕೆ ಹೋಗುತ್ತಿರುವುದು ಕಾಣುವುದು. ಒಂದು ದಿನದ ವೇಷವು ಶಾಶ್ವತವಾದ ಪದವಿಯಾಗಿ ಪರಿಣಮಿಸಿದ ಬಗೆ ಇದು.

ಕಮಾನನ್ನು ದಾಟಿ ಇಳಿದರೆ ಫೋರಂ ತೆರೆದುಕೊಳ್ಳುವುದು. ಗಣರಾಜ್ಯದ ಕಾಲದಲ್ಲಿ ಚುನಾವಣೆಗೆ ನಿಂತವರು ಜನರ ಕೈಹಿಡಿದು ಮಾತನಾಡಿಸುತ್ತ ಅಡ್ಡಾಡುತ್ತಿದ್ದುದು ಇಲ್ಲಿಯೇ. ಅವರು ಸುಣ್ಣದ ಪುಡಿಯಿಂದ ಬಿಳುಪಾಗಿಸಿದ ನಿಲುವಂಗಿಯನ್ನು ತೊಡುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ 'ಕ್ಯಾಂಡಿಡಸ್' ಎಂದರೆ ಬೆಳ್ಳಗಿರುವುದು. ಇಂದು ನಾವೂ ಧಾರಾಳವಾಗಿ ಬಳಸುವ 'ಕ್ಯಾಂಡಿಡೇಟ್' ಎಂಬ ಮಾತು ಆ ಬಿಳಿಯ ಬಟ್ಟೆಯಿಂದ ಬಂದುದು. ಮತಕ್ಕಾಗಿ ಹೀಗೆ ಸುತ್ತಾಡುವುದಕ್ಕೆ 'ಅಂಬಿಟಿಯೊ' ಎಂದು ಹೆಸರು. ಮಹತ್ವಾಕಾಂಕ್ಷೆಗೆ ಇಂಗ್ಲಿಷಿನಲ್ಲಿರುವ ಮಾತಿನ ಮೂಲ ಇದೇ. ಆದರೆ ಆ ಧಾತುವಿನಿಂದಲೇ ಹುಟ್ಟಿದ 'ಅಂಬಿಟಸ್' ಎಂಬ ಮತ್ತೊಂದು ಪದಕ್ಕೆ, ಚುನಾವಣೆಯಲ್ಲಿ ಲಂಚವನ್ನು ಕೊಡುವ ಅಪರಾಧವೆಂದು ಅರ್ಥ. ಹಂಬಲಕ್ಕೂ ಅಪರಾಧಕ್ಕೂ ನಡುವೆ ಎರಡು ಅಕ್ಷರಗಳ ಅಂತರವಷ್ಟೇ ಇರುವುದೆಂಬುದನ್ನು ಆ ಜನರ ಭಾಷೆಯೇ ಅರಿತಂತಿದೆ. ಬಟ್ಟೆಯನ್ನು ಬಿಳುಪಾಗಿಸುವುದನ್ನು ನಿಷೇಧಿಸಿ ಕ್ರಿ. ಪೂ. 432ರಲ್ಲಿಯೇ ಕಟ್ಟಳೆಯಾಯಿತೆಂದು ಇತಿಹಾಸಕಾರನಾದ ಲಿವಿಯು ಬರೆದಿದ್ದಾನೆ. ಕ್ರಿ. ಪೂ. 63ರಲ್ಲಿ ಸಿಸೆರೊ ಎಂಬ ಮಹಾವಾಗ್ಮಿಯು ಕಾನ್ಸಲ್ ಎಂಬ ಅತ್ಯುನ್ನತ ಪದವಿಯಲ್ಲಿದ್ದಾಗ, ಲಂಚದಿಂದ ಮತವನ್ನು ಕೊಂಡವನಿಗೆ ಹತ್ತು ವರ್ಷಗಳ ದೇಶಭ್ರಷ್ಟತೆಯನ್ನು ವಿಧಿಸುವ ಶಾಸನವನ್ನು ತಂದನು. ಶಾಸನಗಳು ಒಂದರ ಮೇಲೊಂದು ಬಂದುವೆಂಬುದೇ ಅವುಗಳಿಂದ ಕಾಯಿಲೆಯು ವಾಸಿಯಾಗಲಿಲ್ಲವೆಂಬುದಕ್ಕೆ ಸಾಕ್ಷಿ.

ಈ ಅಭ್ಯರ್ಥಿಗಳ ಪಕ್ಕದಲ್ಲಿಯೂ ಒಬ್ಬ ಗುಲಾಮನು ನಡೆಯುತ್ತಿದ್ದನು. ಎದುರಿಗೆ ಬರುವವನ ಹೆಸರನ್ನು ಒಡೆಯನ ಕಿವಿಯಲ್ಲಿ ಮೆಲ್ಲಗೆ ಉಸುರುವುದೇ ಅವನ ಕೆಲಸ. ಒಡೆಯನು ಕೂಡಲೇ ಹಳೆಯ ಸ್ನೇಹಿತನನ್ನು ಕಂಡವನಂತೆ ಹೆಸರು ಹಿಡಿದು ಮಾತನಾಡಿಸುವನು. ಆ ಬಡವನೂ ಹಿಗ್ಗುವನು. ಮೇಲೇರಬೇಕೆನ್ನುವವನ ಕಿವಿಯಲ್ಲಿ ಒಬ್ಬ ಗುಲಾಮನು ಪರರ ಹೆಸರನ್ನು ಹೇಳಿದರೆ, ಏರಿಯಾದವನ ಕಿವಿಯಲ್ಲಿ ಮತ್ತೊಬ್ಬನು ಅವನು ಯಾರೆಂಬುದನ್ನೇ ಹೇಳುತ್ತಿದ್ದನು. ಮೊದಲನೆಯ ಮಾತಿಗೆ ಕಿವಿಗೊಡುವುದು ಸುಲಭ, ಎರಡನೆಯದಕ್ಕೆ ಕಷ್ಟ.

ರೋಮನರು ತಮ್ಮ ಅರಸರನ್ನು ಓಡಿಸಿದ ಮೇಲೆ ಅಧಿಕಾರಕ್ಕೆ ಕಟ್ಟಿದ ಬೇಲಿಗಳು ನಿಜವಾಗಿಯೂ ಮೆಚ್ಚತಕ್ಕವು. ಕಾನ್ಸಲರು ಒಬ್ಬನಲ್ಲ, ಇಬ್ಬರು. ಒಬ್ಬನು ಮಾಡಹೊರಟುದನ್ನು ಇನ್ನೊಬ್ಬನು ತಡೆಯಬಹುದಾಗಿದ್ದಿತು. ಅವಧಿ ಒಂದೇ ವರ್ಷ. ರಾಜ್ಯಕ್ಕೆ ಮಹಾವಿಪತ್ತು ಬಂದಾಗ ಮಾತ್ರ ಸರ್ವಾಧಿಕಾರಿಯೊಬ್ಬನನ್ನು ನೇಮಿಸುವರು. ಅವನಿಗೂ ಆರು ತಿಂಗಳೇ ಗಡುವು. ಮನುಷ್ಯನು ಒಳ್ಳೆಯವನಾಗಿರುವನೆಂಬ ನಂಬಿಕೆಯಿಂದ ಕಟ್ಟಿದ ವ್ಯವಸ್ಥೆಯಲ್ಲ ಇದು. ಯಾರ ಕೈಗೆ ಕೊಟ್ಟರೂ ಅಧಿಕಾರವು ಕೈಗಂಟಿಕೊಳ್ಳುವುದೆಂಬ ಅರಿವಿನಿಂದ ಕಟ್ಟಿದುದು.

ಈ ವ್ಯವಸ್ಥೆಯ ಆದರ್ಶಪುರುಷನು ಸಿನ್ಸಿನೇಟಸ್. ಕ್ರಿ. ಪೂ. 458ರಲ್ಲಿ ರೋಮಿನ ಸೇನೆಯೊಂದು ಶತ್ರುಗಳ ಮುತ್ತಿಗೆಗೆ ಸಿಕ್ಕಿದಾಗ, ಸಭೆಯ ದೂತರು ಟೈಬರ್ ನದಿಯಾಚೆ ಸುಮಾರು ಎರಡೂವರೆ ಎಕರೆಯ ಹೊಲದಲ್ಲಿ ಬೆವರಿಳಿಸಿ ದುಡಿಯುತ್ತಿದ್ದ ಅವನಲ್ಲಿಗೆ ಹೋದರಂತೆ. ಅವನು ಹೆಂಡತಿಯಾದ ರಾಸಿಲಿಯಾಳನ್ನು ಕೂಗಿ, ಗುಡಿಸಲಿನಿಂದ ನಿಲುವಂಗಿಯನ್ನು ತರಿಸಿಕೊಂಡು, ಮೈಯ ಧೂಳನ್ನು ಒರಸಿ ಹೊದೆದ ಕೂಡಲೇ ಅವನನ್ನು ಸರ್ವಾಧಿಕಾರಿಯೆಂದು ಅಭಿವಂದಿಸಿದರು. ಅವನು ಶತ್ರುಗಳನ್ನು ಸೋಲಿಸಿ, ಹದಿನಾರನೆಯ ದಿನ ಅಧಿಕಾರವನ್ನು ಒಪ್ಪಿಸಿ ಹೊಲಕ್ಕೆ ಹಿಂದಿರುಗಿದನು. ಕೊಟ್ಟುದು ಆರು ತಿಂಗಳು. ಬಳಸಿದುದು ಹದಿನಾರು ದಿನ. ಇದರಲ್ಲಿ ಐತಿಹ್ಯದ ಪಾಲು ಎಷ್ಟೇ ಇರಲಿ, ಒಂದು ಜನಾಂಗವು ತನ್ನ ಮಕ್ಕಳಿಗೆ ತಲೆಮಾರುಗಳ ಕಾಲ ಈ ಕಥೆಯನ್ನೇ ಆರಿಸಿ ಹೇಳಿತೆಂಬುದು ಸಾಮಾನ್ಯವಲ್ಲ.

ದಾರಿಯ ಎಡಕ್ಕೆ ತಗಡಿನ ಮಾಡಿನ ಕೆಳಗೆ ಒರಟಾದ ಮಣ್ಣುಗಲ್ಲುಗಳ ಒಂದು ದಿಬ್ಬವಿದೆ. ಹೊತ್ತಿಲ್ಲದ ಪ್ರವಾಸಿಗಳು ಅದನ್ನು ಗಮನಿಸದೆ ಮುಂದೆ ಹೋಗುವುದುಂಟು. ಜೂಲಿಯಸ್ ಸೀಸರನ ಶವವನ್ನು ಸುಟ್ಟ ಸ್ಥಳವದು. ಅಲ್ಲಿ ಅನಂತರ ಅವನಿಗೊಂದು ದೇವಾಲಯವಾಯಿತು. ಉಳಿದಿರುವುದು ಅದರ ಅಸ್ತಿಭಾರ. ಗಣರಾಜ್ಯದ ಬೇಲಿಗಳನ್ನು ಅವನಿಗಿಂತ ಮೊದಲೇ ಹಲವರು ಮುರಿದಿದ್ದರು. ಸುಲ್ಲನೆಂಬ ಸೇನಾಪತಿಯು ರಾಜಧಾನಿಯ ಮೇಲೆಯೇ ದಂಡೆತ್ತಿ ಬಂದು ಗಡುವಿಲ್ಲದ ಸರ್ವಾಧಿಕಾರಿಯಾದನು. ಆದರೂ ಕೊನೆಗೆ ತಾನಾಗಿಯೇ ಪದವಿಯನ್ನು ಬಿಟ್ಟನು. ಹಾಗೆ ಬಿಟ್ಟವನಿಗೆ ರಾಜ್ಯತಂತ್ರದ ಓಂ ನಾಮವೂ ತಿಳಿಯದೆಂದು ಸೀಸರನು ನಕ್ಕನೆಂದು ಪ್ರತೀತಿ. ಕ್ರಿ. ಪೂ. 44ರಲ್ಲಿ ಅವನು ಆಜೀವ ಸರ್ವಾಧಿಕಾರಿಯಾದನು. ಅದೇ ವರ್ಷದ ಫೆಬ್ರವರಿ 15ರಂದು ಹಬ್ಬದ ಸಂದಣಿಯಲ್ಲಿ ಇದೇ ಫೋರಮಿನಲ್ಲಿ ಆಂಟೊನಿಯು ಅರಸರ ಪಟ್ಟಿಯನ್ನು ಅವನ ತಲೆಗೆ ಕಟ್ಟಹೋದನು. ಜನರು ಮೆಚ್ಚಲಿಲ್ಲ, ಸೀಸರನು ಬೇಡವೆಂದನು, ಬೇಡವೆಂದಾಗ ಜನರು ಹರ್ಷಧ್ವನಿ ಮಾಡಿದರು. ಒಂದು ತಿಂಗಳು ಕಳೆಯಿತು. ಮಾರ್ಚ್ 15ರಂದು, ಇಲ್ಲಿಂದ ಸ್ವಲ್ಪ ದೂರದಲ್ಲಿ, ತಾನು ಸೋಲಿಸಿದ ಪಾಂಪಿಯು ಕಟ್ಟಿಸಿದ ಸಭಾಮಂದಿರದಲ್ಲಿ, ಪಾಂಪಿಯ ಪ್ರತಿಮೆಯ ಬುಡದಲ್ಲಿ, ಇಪ್ಪತ್ತಮೂರು ಗಾಯಗಳಿಂದ ಬಿದ್ದನು. ಇರಿದವರಲ್ಲಿ ಅವನು ಕ್ಷಮಿಸಿ ಕಾಪಾಡಿದವರೂ ಇದ್ದರು.

ಎರಡು ವರ್ಷಗಳ ಹಿಂದೆ ಅವನ ವಿಜಯೋತ್ಸವದಲ್ಲಿ ರಥದ ಅಚ್ಚು ಮುರಿಯಿತೆಂದೂ, ಆ ಅಪಶಕುನಕ್ಕೆ ಪರಿಹಾರವಾಗಿ ಕ್ಯಾಪಿಟಲಿನ ಮೆಟ್ಟಿಲುಗಳನ್ನು ಅವನು ಮಂಡಿಯೂರಿ ಹತ್ತಿದನೆಂದೂ ಹೇಳುವರು. ಬಾಗಬೇಕೆಂಬುದು ಅವನಿಗೆ ತಿಳಿಯದಿರಲಿಲ್ಲ. ದೇವರೆದುರಿಗೆ ಒಂದು ದಿನ ಬಾಗಿದುದೂ ನಿಜ. ನೆರೆಹೊರೆಯ ಸಮಾನರ ಎದುರಿಗೆ ದಿನವೂ ಬಾಗುವುದು ಮಾತ್ರ ಅವನಿಂದಾಗಲಿಲ್ಲ. ಇಂದಿಗೂ ಮಾರ್ಚ್ 15ರಂದು ಯಾರೋ ಆ ದಿಬ್ಬದ ಮೇಲೆ ಹೂವುಗಳನ್ನು ಇಟ್ಟುಹೋಗುತ್ತಾರೆ. ಕೊಂದವರಿಗೂ ಬಯಸಿದುದು ದೊರೆಯಲಿಲ್ಲ. ಒಬ್ಬ ಸೀಸರನನ್ನು ಕಳೆದರೆ ಗಣರಾಜ್ಯವು ತಾನಾಗಿಯೇ ಎದ್ದು ನಿಲ್ಲುವುದೆಂದು ಅವರು ಎಣಿಸಿದ್ದರು. ಬಂದುದು ಮತ್ತೊಂದು ಅಂತರ್ಯುದ್ಧ. ಅದರ ಕೊನೆಯಲ್ಲಿ ಸೀಸರನ ಹೆಸರನ್ನೇ ಬಿರುದಾಗಿ ಧರಿಸಿದ ಚಕ್ರವರ್ತಿಗಳು.

ಇನ್ನೂ ಮುಂದೆ ಹೋದರೆ ಬಲಗಡೆ ರಾಜ್ಯಸಭೆಯ ಇಟ್ಟಿಗೆಯ ಮಂದಿರವೂ, ಎದುರಿಗೆ ಭಾಷಣವೇದಿಕೆಯ ಅವಶೇಷವೂ ಇವೆ. ಶತ್ರುಗಳ ಹಡಗುಗಳಿಂದ ಕಿತ್ತ ಮೂತಿಗಳನ್ನು ವೇದಿಕೆಯ ಮುಂಭಾಗಕ್ಕೆ ಅಲಂಕಾರವಾಗಿ ಹೊಡೆದಿದ್ದರು. ಈ ವೇದಿಕೆಯೊಡನೆ ಸೇರಿದ ಹೆಸರು ಸಿಸೆರೊವಿನದು. ಸೀಸರನು ಸತ್ತ ವರ್ಷದಲ್ಲಿಯೇ ಅವನು, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗೆ ಬುದ್ಧಿಹೇಳುವ ರೂಪದಲ್ಲಿ, ಕರ್ತವ್ಯಗಳನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಪದವಿ, ಕೀರ್ತಿ, ಅಧಿಕಾರಗಳ ಹಸಿವು ಸಾಮಾನ್ಯರಿಗಿಂತ ಮಹಾಮತಿಗಳಲ್ಲಿಯೇ ಹೆಚ್ಚಾಗಿ ಹುಟ್ಟುವುದು. ಕಷ್ಟವಿರುವುದೇ ಅಲ್ಲಿ ಎಂಬುದು ಅದರಲ್ಲಿನ ಒಂದು ಅಭಿಪ್ರಾಯ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುವನೆಂದು ನಮ್ಮಲ್ಲಿ ಗಾದೆಯುಂಟು. ಅಲ್ಪನ ಕೊಡೆಯನ್ನು ಕಂಡು ಊರು ನಕ್ಕು ಸುಮ್ಮನಾಗಬಹುದು. ಮಹಾಮತಿಗೆ ಆ ಗೀಳು ಹಿಡಿದರೆ ಊರೇ ಉರಿದುಹೋಗುವುದು. ಸಿಸೆರೊವು ಕಂಡುದು ಇದನ್ನು. ತನಗೂ ಕೀರ್ತಿಯ ಚಪಲವು ಬಲವಾಗಿದ್ದಿತೆಂಬುದನ್ನು ಅವನ ಪತ್ರಗಳೇ ಸಾರುತ್ತವೆ. ಪಾಠವನ್ನು ಬರೆದವನೂ ಪಾಠಕ್ಕೆ ಹೊರಗಾದವನಲ್ಲ. ಕ್ರಿ. ಪೂ. 43ರ ಡಿಸೆಂಬರ್ 7ರಂದು, ಆಂಟೊನಿಯ ವೈರದಿಂದ, ಅವನನ್ನು ಅಟ್ಟಿಸಿಕೊಂಡು ಹೋಗಿ ಕೊಂದರು. ಅವನ ತಲೆಯನ್ನೂ, ಆಂಟೊನಿಯ ವಿರುದ್ಧ ಬರೆದ ಕೈಯನ್ನೂ ತಂದು ಈ ವೇದಿಕೆಯ ಮೇಲೆಯೇ ಕಟ್ಟಿದರು. ಹದಿಮೂರು ವರ್ಷಗಳ ಮೇಲೆ, ಕ್ರಿ. ಪೂ. 30ರಲ್ಲಿ, ಆಂಟೊನಿಯು ಸೋತು ಆತ್ಮಹತ್ಯೆಯನ್ನು ಮಾಡಿಕೊಂಡನು. ಆ ವರ್ಷ ರೋಮಿನಲ್ಲಿ ಕಾನ್ಸಲನಾಗಿದ್ದವರಲ್ಲಿ ಒಬ್ಬನು, ಆ ಗ್ರಂಥವನ್ನು ತಂದೆಯಿಂದ ಪಡೆದ ಮಗನೇ.

ವೇದಿಕೆಯ ಪಕ್ಕದಲ್ಲಿಯೇ ಮೂರು ಬಾಗಿಲುಗಳುಳ್ಳ ಮತ್ತೊಂದು ಕಮಾನು ನಿಂತಿದೆ. ಸೆಪ್ಟಿಮಿಯಸ್ ಸೆವೆರಸ್ ಎಂಬ ಚಕ್ರವರ್ತಿಗೂ ಅವನ ಇಬ್ಬರು ಗಂಡುಮಕ್ಕಳಿಗೂ ಗೌರವಾರ್ಥವಾಗಿ ಕ್ರಿ. ಶ. 203ರಲ್ಲಿ ಕಟ್ಟಿದುದು. ಅದರ ನೆತ್ತಿಯ ಶಾಸನದ ನಾಲ್ಕನೆಯ ಸಾಲನ್ನು ಕಣ್ಣಿಟ್ಟು ನೋಡಬೇಕು. ಹಿಂದೆ ಕಂಚಿನ ಅಕ್ಷರಗಳನ್ನು ನಾಟಿದ್ದ ರಂಧ್ರಗಳು ಅಲ್ಲಿವೆ; ಅವು ಈಗಿರುವ ಅಕ್ಷರಗಳಿಗೆ ಹೊಂದುವುದಿಲ್ಲ. ಕಾರಣವಿಷ್ಟು: ಸೆವೆರಸನು 211ರಲ್ಲಿ ಸಾಯುವಾಗ ಮಕ್ಕಳಿಬ್ಬರಿಗೂ ರಾಜ್ಯವನ್ನು ಬಿಟ್ಟು, ನೀವು ಒಮ್ಮತದಿಂದಿರಿ, ಸೈನಿಕರನ್ನು ಸಂತೋಷಪಡಿಸಿರಿ, ಉಳಿದವರನ್ನು ಲೆಕ್ಕಿಸಬೇಡಿರಿ ಎಂಬ ಅರ್ಥದ ಬುದ್ಧಿಯನ್ನು ಹೇಳಿದನಂತೆ. ಅವರು ಮೊದಲನೆಯ ಮಾತನ್ನು ಮರೆತು ಉಳಿದೆರಡನ್ನು ನೆನಪಿನಲ್ಲಿಟ್ಟುಕೊಂಡರು. ವರ್ಷವು ಮುಗಿಯುವುದರೊಳಗೆ ಹಿರಿಯನಾದ ಕ್ಯಾರಕಲ್ಲನು ರಾಜಿ ಮಾಡಿಕೊಳ್ಳುವ ನೆಪದಿಂದ ತಮ್ಮನಾದ ಗೆಟನನ್ನು ತಾಯಿಯ ಕೋಣೆಗೆ ಕರೆಯಿಸಿ ಕೊಲ್ಲಿಸಿದನು. ಗೆಟನು ಸತ್ತುದು ತಾಯಿಯಾದ ಜೂಲಿಯಾ ಡೊಮ್ನಾಳ ಮಡಿಲಿನಲ್ಲಿ. ತಪ್ಪಿಸಹೋದ ಅವಳ ಕೈಗೂ ಗಾಯವಾಯಿತು. ಮಗನಿಗಾಗಿ ಅಳುವುದಕ್ಕೂ ಆ ತಾಯಿಗೆ ಅಪ್ಪಣೆಯಿರಲಿಲ್ಲ. ಅನಂತರ ಗೆಟನ ಹೆಸರನ್ನು ರಾಜ್ಯದ ಎಲ್ಲ ಶಾಸನಗಳಿಂದಲೂ ಅಳಿಸಹೊರಟರು. ಈ ಕಮಾನಿನ ಮೇಲೆಯೂ ಅವನ ಹೆಸರನ್ನು ಕಿತ್ತು, ತೆರವಾದ ಜಾಗವನ್ನು ತಂದೆಯ ಮತ್ತು ಅಣ್ಣನ ಹೊಗಳಿಕೆಯಿಂದ ತುಂಬಿಸಿದರು. ಹೊಗಳಿಕೆಯ ಕಂಚನ್ನು ಕಾಲವು ಕಿತ್ತುಕೊಂಡಿತು, ರಂಧ್ರಗಳು ಉಳಿದುವು. ಅವುಗಳನ್ನು ಎಣಿಸಿ ವಿದ್ವಾಂಸರು ಅಳಿಸಿದ ಹೆಸರನ್ನೇ ಮತ್ತೆ ಓದಿದ್ದಾರೆ.

ಕಮಾನಿನ ಹಿಂದೆ, ಗುಡ್ಡದ ಬುಡದಲ್ಲಿ, ಈಗ ಇಗರ್ಜಿಯೊಂದರ ಕೆಳಗೆ, ಒಂದರ ಮೇಲೊಂದಾದ ಎರಡು ಕಲ್ಲಿನ ಕೋಣೆಗಳಿವೆ. ಇದು ರೋಮಿನ ಸೆರೆಮನೆ. ಮೇಲಿನ ಕೋಣೆಯ ನೆಲದಲ್ಲಿ ಒಂದು ದುಂಡನೆಯ ಕಂಡಿ. ಕೆಳಗಿನ ಕೋಣೆಗೆ ಹಿಂದೆ ಇದ್ದ ದಾರಿ ಅದೊಂದೇ. ವಿಜಯದ ಮೆರವಣಿಗೆಯು ಇಲ್ಲಿಗೆ ಬಂದಾಗ ರಥವು ಗುಡ್ಡದ ಕಡೆಗೆ ತಿರುಗುವುದು. ಸಂಕೋಲೆಯಲ್ಲಿ ನಡೆದುಬಂದ ಸೆರೆಯಾಳುಗಳಲ್ಲಿ ಮುಖ್ಯನಾದವನನ್ನು ಸೆರೆಮನೆಯ ಕಡೆಗೆ ಎಳೆದೊಯ್ಯುವರು. ನ್ಯೂಮಿಡಿಯದ ಅರಸನಾದ ಜುಗುರ್ಥನು ಕ್ರಿ. ಪೂ. 104ರಲ್ಲಿ ಈ ಕತ್ತಲೆಯಲ್ಲಿ ಸತ್ತನು. ಸೀಸರನಿಗೆ ಶರಣಾಗತನಾದ ಗಾಲ್ ದೇಶದ ವೀರನು ಆರು ವರ್ಷ ಸೆರೆಯಲ್ಲಿದ್ದು, 46ರ ವಿಜಯೋತ್ಸವದಲ್ಲಿ ಮೆರವಣಿಗೆಯಾದ ಮೇಲೆ ಹತನಾದನು. ಟೈಟಸನ ವಿಜಯೋತ್ಸವದಲ್ಲಿ ಜೆರೂಸಲೇಮಿನ ನಾಯಕನಾದ ಸಿಮೋನನ ಸಾವಿನ ಸುದ್ದಿಯು ಬರುವವರೆಗೆ ಎಲ್ಲರೂ ಮೇಲೆ ದೇವಾಲಯದೆದುರಿಗೆ ಕಾದು ನಿಂತಿದ್ದರು. ಸುದ್ದಿ ಬಂದ ಮೇಲೆ ಜಯಘೋಷವಾಗಿ ಪೂಜೆಯು ಪ್ರಾರಂಭವಾಯಿತು. ಒಬ್ಬನು ಏರುವ ಹೊತ್ತಿಗೆ ಇನ್ನೊಬ್ಬನು ಇಳಿಯಬೇಕಾಗಿದ್ದಿತು.

ಇಲ್ಲಿಗೆ ಬಂದವರು ಹೊರಗಿನವರು ಮಾತ್ರವೇ ಅಲ್ಲ. ಟೈಬೀರಿಯಸನು ರಾಜಧಾನಿಯನ್ನು ಬಿಟ್ಟು ಕಾಪ್ರಿ ದ್ವೀಪದಲ್ಲಿ ನೆಲಸಿದಾಗ, ಅವನ ಅಂಗರಕ್ಷಕದಳದ ಅಧಿಪತಿಯಾದ ಸೆಜಾನಸನೇ ರೋಮಿನಲ್ಲಿ ಎಲ್ಲವೂ ಆಗಿದ್ದನು. ಊರೆಲ್ಲ ಅವನ ಪ್ರತಿಮೆಗಳು. ಕ್ರಿ. ಶ. 31ರ ಅಕ್ಟೋಬರ್ 18ರ ಬೆಳಿಗ್ಗೆ, ಹೊಸ ಪದವಿಯೊಂದು ಬರುವುದೆಂಬ ಭರವಸೆಯಿಂದ ಅವನು ಸಭೆಗೆ ಹೋದನು. ಚಕ್ರವರ್ತಿಯ ಪತ್ರವನ್ನು ಓದತೊಡಗಿದರು. ಪತ್ರವು ಉದ್ದವಾಗಿದ್ದಿತು, ಮೊದಲು ಬೇರೆ ವಿಷಯ, ನಡುವೆ ಸಣ್ಣ ಆಕ್ಷೇಪಣೆ, ಕೊನೆಯಲ್ಲಿ ಅವನನ್ನು ಬಂಧಿಸಬೇಕೆಂಬ ಆಜ್ಞೆ. ಓದುತ್ತ ಹೋದಂತೆ ಅವನ ಪಕ್ಕದಲ್ಲಿ ಕುಳಿತವರು ಒಬ್ಬೊಬ್ಬರಾಗಿ ಎದ್ದು ದೂರ ಸರಿದರು. ಅದೇ ದಿನ ಅವನ ಪ್ರಾಣವು ಹೋಯಿತು. ಅವನ ಕಂಚಿನ ಪ್ರತಿಮೆಗಳನ್ನು ಕರಗಿಸಿ ಅಡಿಗೆಯ ಪಾತ್ರೆಗಳನ್ನು ಮಾಡಿದರೆಂದು ಜುವೆನಲ್ ಕವಿಯು ನಗುತ್ತಾನೆ. ಬೆಳಿಗ್ಗೆ ನಮಸ್ಕರಿಸಿದವರೇ ಸಂಜೆ ಪ್ರತಿಮೆಗೆ ಹಗ್ಗವನ್ನು ಕಟ್ಟಿದವರು.

ಗುಡ್ಡವನ್ನು ಹತ್ತಿದರೆ ಕ್ಯಾಪಿಟಲ್. ಇದರ ಒಂದು ಕಡೆಯ ಕಡಿದಾದ ಬಂಡೆಗೆ ತಾರ್ಪಿಯನ್ ಬಂಡೆಯೆಂದು ಹೆಸರು. ರಾಜದ್ರೋಹಿಗಳನ್ನು ಅಲ್ಲಿಂದ ಕೆಳಕ್ಕೆ ನೂಕುತ್ತಿದ್ದರು. ಗಾಲರು ರಾತ್ರಿಯಲ್ಲಿ ಗುಡ್ಡವನ್ನು ಹತ್ತಿ ಬರುತ್ತಿದ್ದಾಗ ಹೆಬ್ಬಾತುಗಳ ಕೂಗಿನಿಂದ ಎಚ್ಚತ್ತು ಅವರನ್ನು ಹೊಡೆದುರುಳಿಸಿದ ಮಾನ್ಲಿಯಸನ ಕಥೆಯನ್ನು ಶಾಲೆಯಲ್ಲಿ ಓದಿದವರುಂಟು. ಅದೇ ಮಾನ್ಲಿಯಸನು, ಅರಸನಾಗಬಯಸಿದನೆಂಬ ಆಪಾದನೆಯ ಮೇಲೆ, ಕ್ರಿ. ಪೂ. 384ರಲ್ಲಿ ಇದೇ ಬಂಡೆಯಿಂದ ತಳ್ಳಲ್ಪಟ್ಟನೆಂಬ ಕಥೆಯ ಉತ್ತರಭಾಗವನ್ನು ಓದಿದವರು ಕಡಿಮೆ. ಕ್ಯಾಪಿಟಲಿಗೂ ತಾರ್ಪಿಯನ್ ಬಂಡೆಗೂ ಹೆಚ್ಚು ದೂರವಿಲ್ಲವೆಂಬ ನಾಣ್ಣುಡಿಯು ಯುರೋಪಿನಲ್ಲಿ ಇಂದಿಗೂ ಉಂಟು.

ಮೇಲಿನ ಅಂಗಳವನ್ನು ಮೈಕೆಲೇಂಜೆಲೊ ಎಂಬ ಮಹಾಶಿಲ್ಪಿಯು ರಚಿಸಿದನು. ಅದರ ನಡುವೆ ಕುದುರೆಯನ್ನೇರಿದ ಮಾರ್ಕಸ್ ಆರೇಲಿಯಸ್ ಚಕ್ರವರ್ತಿಯ ಕಂಚಿನ ಮೂರ್ತಿ. 1538ರಲ್ಲಿ ಇಲ್ಲಿಗೆ ತಂದ ಮೂಲಮೂರ್ತಿಯನ್ನು 1981ರಲ್ಲಿ ಜೀರ್ಣೋದ್ಧಾರಕ್ಕಾಗಿ ಇಳಿಸಿದರು. ಈಗ ಹೊರಗಿರುವುದು ಪ್ರತಿಕೃತಿ, ಮೂಲವು ಪಕ್ಕದ ವಸ್ತುಸಂಗ್ರಹಾಲಯದೊಳಗಿದೆ. ಪ್ರಾಚೀನ ಕಾಲದ ಕಂಚಿನ ಮೂರ್ತಿಗಳನ್ನು ಬಹುಮಟ್ಟಿಗೆ ಕರಗಿಸಿಬಿಟ್ಟರು. ಇದು ಮಾತ್ರ ಉಳಿದುದು, ಮೊದಲ ಕ್ರೈಸ್ತ ಚಕ್ರವರ್ತಿಯಾದ ಕಾನ್‌ಸ್ಟಂಟೈನನ ಮೂರ್ತಿಯೆಂದು ಜನರು ತಪ್ಪಾಗಿ ತಿಳಿದಿದ್ದುದರಿಂದ. ಕೀರ್ತಿಯು ನಿಲ್ಲದೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದವನ ಮೂರ್ತಿಯು ಬೇರೊಬ್ಬನ ಹೆಸರಿನಲ್ಲಿ ಬದುಕಿಕೊಂಡಿತು.

ಒಳಗೆ ಆ ಮೂರ್ತಿಯ ಪಕ್ಕದಲ್ಲಿಯೇ ದೊಡ್ಡ ಕಲ್ಲುಗಳ ಪುರಾತನವಾದ ಗೋಡೆಯೊಂದನ್ನು ಬಿಟ್ಟಿದ್ದಾರೆ. ಜೂಪಿಟರ್ ದೇವಾಲಯದ ಅಸ್ತಿಭಾರವದು. ಎಂದರೆ ವಿಜಯಪಥವು ಮುಗಿಯುತ್ತಿದ್ದುದು ಇಲ್ಲಿಯೇ. ಸೇನಾಪತಿಗಳು ತಮ್ಮ ಮಾಲೆಯನ್ನು ಇಳಿಸುತ್ತಿದ್ದ ಸ್ಥಳದಲ್ಲಿ ಮಾರ್ಕಸನು ಆಯುಧವಿಲ್ಲದೆ ಬಲಗೈಯನ್ನು ಮುಂದೆ ಚಾಚಿ ಕುಳಿತಿದ್ದಾನೆ. ಅವನ ಕಾಲಕ್ಕೆ ವಿಜಯೋತ್ಸವವೆಂಬುದು ಚಕ್ರವರ್ತಿಯ ಮನೆತನಕ್ಕೇ ಮೀಸಲಾಗಿ ಸುಮಾರು ಇನ್ನೂರು ವರ್ಷಗಳಾಗಿದ್ದುವು. ವರ್ಷದ ಗಡುವೂ ಇಲ್ಲ, ತಡೆಯುವ ಜತೆಗಾರನೂ ಇಲ್ಲ. ಹೊರಗಿನ ಬೇಲಿಗಳೆಲ್ಲ ಬಿದ್ದುಹೋದ ಆ ದಿನಗಳಲ್ಲಿ ಮಾರ್ಕಸನು ಡಾನ್ಯೂಬ್ ನದಿಯ ದಂಡಿನ ಪಾಳೆಯಗಳಲ್ಲಿ ಕುಳಿತು, ತನ್ನೊಬ್ಬನಿಗಾಗಿ, ಗ್ರೀಕ್ ಭಾಷೆಯಲ್ಲಿ ಟಿಪ್ಪಣಿಗಳನ್ನು ಬರೆದುಕೊಳ್ಳುತ್ತಿದ್ದನು. ಕೆನ್ನೀಲಿಯ ರಾಜವಸ್ತ್ರವೆಂದರೆ ಚಿಪ್ಪುಹುಳುವಿನ ರಸದಲ್ಲಿ ಅದ್ದಿದ ಕುರಿಯ ತುಪ್ಪಟವಷ್ಟೇ ಎಂದೂ, ಆ ಬಣ್ಣವು ಮನಸ್ಸಿಗೆ ಅಂಟದಂತೆ ನೋಡಿಕೊಳ್ಳಬೇಕೆಂದೂ, ಹಿಂದಣ ಚಕ್ರವರ್ತಿಗಳ ಆಸ್ಥಾನಗಳೆಲ್ಲ ಇದೇ ನಾಟಕವನ್ನಾಡಿ ಮರೆಯಾದುವೆಂದೂ ಅದರ ಭಾವ. ರಥದಲ್ಲಿ ನಿಂತವನೂ ತಾನೇ, ಹಿಂದೆ ನಿಂತು ಉಸುರುವ ಗುಲಾಮನೂ ತಾನೇ ಆಗಿ ಅವನು ಬಾಳಿದನು.

ಇಷ್ಟಕ್ಕೇ ಕಥೆಯು ಮುಗಿದಿದ್ದರೆ ಚೆನ್ನಾಗಿರುತ್ತಿದ್ದಿತು. ಮಾರ್ಕಸನಿಗಿಂತ ಮೊದಲಿನ ಕೆಲವರು ಯೋಗ್ಯರನ್ನು ದತ್ತು ತೆಗೆದುಕೊಂಡು ರಾಜ್ಯವನ್ನು ಕೊಟ್ಟಿದ್ದರು. ಮಾರ್ಕಸನಿಗೆ ಹು಼ಟ್ಟಿದ ಗಂಡುಮಕ್ಕಳಲ್ಲಿ ಕಾಮೊಡಸನೊಬ್ಬನು ಬದುಕಿ ಉಳಿದಿದ್ದನು. ರಾಜ್ಯವು ಅವನಿಗೆ ಹೋಯಿತು. 180ರಲ್ಲಿ ತಂದೆಯು ಸತ್ತಾಗ ಮಗನಿಗೆ ಹದಿನೆಂಟು ವರ್ಷ. ಅವನು ತನ್ನನ್ನು ಹರ್ಕ್ಯುಲೀಸ್ ದೇವನೆಂದು ಕರೆದುಕೊಂಡು, ಮಲ್ಲರ ಕಣದಲ್ಲಿ ಇಳಿದು ಕಾದಿ, ರೋಮ್ ನಗರಕ್ಕೇ ತನ್ನ ಹೆಸರನ್ನಿಟ್ಟು, 192ರ ಕೊನೆಯ ದಿನ ತನ್ನವರ ಕೈಯಿಂದಲೇ ಹತನಾದನು. ಇದೇ ಸಂಗ್ರಹಾಲಯದಲ್ಲಿ ಅವನ ಅಮೃತಶಿಲೆಯ ಪ್ರತಿಮೆಯುಂಟು. ತಲೆಯ ಮೇಲೆ ಸಿಂಹದ ಚರ್ಮ, ಕೈಯಲ್ಲಿ ಗದೆ; ಮುಖದ ಗುಂಗುರು ಗಡ್ಡವು ಮಾತ್ರ ತಂದೆಯದರಂತೆಯೇ. ತಂದೆಯು ತನ್ನ ಕಿವಿಯಲ್ಲಿ ತಾನು ಹೇಳಿಕೊಂಡ ಮಾತು ಮಗನ ಕಿವಿಗೆ ಹೋಗಲಿಲ್ಲ. ಒಡವೆಯನ್ನೂ ಮನೆಯನ್ನೂ ಮಗನ ಹೆಸರಿಗೆ ಬರೆದಿಡಬಹುದು. ವಿವೇಕವನ್ನು ಹಾಗೆ ಬರೆದಿಡುವುದಕ್ಕೆ ಆಗುವುದಿಲ್ಲ. ಪ್ರತಿಯೊಬ್ಬನೂ ಅದನ್ನು ಮೊದಲಿನಿಂದ ಸಂಪಾದಿಸಬೇಕು. ರೋಮನರು ಮನುಷ್ಯಸ್ವಭಾವವನ್ನು ಅರಿಯದೆ ಕೆಡಲಿಲ್ಲ. ಅರಿತದ್ದನ್ನು ದಿನವೂ ನೆನಪು ಮಾಡಿಕೊಡುವವನನ್ನು ರಥದಿಂದ ಇಳಿಸಿ ಕೆಟ್ಟರು.

ಕಟ್ಟಡದಿಂದ ಹೊರಗೆ ಬರುವಾಗ ಮೆಟ್ಟಿಲುಗಳ ಗೋಡೆಯಲ್ಲಿ ಮಾರ್ಕಸನ ವಿಜಯೋತ್ಸವದ ದೊಡ್ಡದೊಂದು ಶಿಲಾಫಲಕವಿದೆ. ಮುಂದೆ ಕಹಳೆಯವನು, ನಾಲ್ಕು ಕುದುರೆಗಳು, ರಥದಲ್ಲಿ ಮಾರ್ಕಸ್; ತಲೆಯ ಮೇಲೆ ಹಾರುತ್ತಿರುವಳು ಅದೇ ರೆಕ್ಕೆಯ ವಿಜಯದೇವತೆ. ಇಲ್ಲಿಯೂ ಗುಲಾಮನಿಲ್ಲ. ಆದರೆ ಮಾರ್ಕಸನು ರಥದ ಒಂದು ಬದಿಗೆ ಸರಿದು ನಿಂತಿರುವನು. ಅವನ ಮಗ್ಗುಲಲ್ಲಿ ಇನ್ನೊಬ್ಬನು ನಿಲ್ಲುವಷ್ಟು ಜಾಗವು ಬರಿದಾಗಿದೆ. ಆ ಜಾಗದಲ್ಲಿ ಬಾಲಕ ಕಾಮೊಡಸನ ಆಕೃತಿಯಿದ್ದಿತೆಂದೂ, ಅವನು ಹತನಾದ ಮೇಲೆ ಉಳಿಯಿಂದ ಕೆತ್ತಿ ತೆಗೆದರೆಂದೂ ಬಲ್ಲವರು ಹೇಳುತ್ತಾರೆ. ಮೆಟ್ಟಿಲಿಳಿಯುವ ಪ್ರವಾಸಿಗಳಲ್ಲಿ ಬಹುಮಂದಿ ಕುದುರೆಗಳ ಅಂದವನ್ನು ನೋಡಿ ಮುಂದೆ ಹೋಗುತ್ತಾರೆ. ಸ್ವಲ್ಪ ಹೊತ್ತು ನಿಂತವರಿಗೆ, ತಂದೆಯು ಆ ಬರಿದಾದ ಜಾಗವನ್ನು ಇನ್ನೂ ಮಗನಿಗಾಗಿ ಬಿಟ್ಟುಕೊಂಡು ನಿಂತಿರುವಂತೆ ತೋರುವುದು.